ರೈಲ್ವೆ ಗುಮಾಸ್ತರ ಕೊನೆಯ ವಿಚಾರಣೆ

ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ನೀಲಿಯಾಗಿರುತ್ತಿತ್ತು. ನಿವೃತ್ತಿಯಾದ ಮೇಲೂ ಕಾರ್ಬನ್ ಹಾಳೆ ಇಡದೆ ಅವರು ಒಂದು ಸಾಲು ಬರೆದವರಲ್ಲ. ದಿನಸಿ ಚೀಟಿಗೂ ನಕಲು ಬೇಕು. "ಅಪ್ಪ ಕೈಯಿಟ್ರೆ ಅನ್ನಕ್ಕೂ ಬಣ್ಣ ಹತ್ತುತ್ತೆ ಕಣೇ" ಎಂದು ಅವರ ಮಗಳು ನನ್ನ ಹತ್ತಿರ ನಗುತ್ತಿದ್ದಳು.

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆ ಅವರದು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಹಳಿಯ ಮೇಲೆ ಅವಘಡವಾದರೆ ಅಧಿಕಾರಿಗಳ ಜೊತೆ ಹೋಗಿ ಗ್ಯಾಂಗ್‌ಮನ್, ಗೇಟ್‌ಕೀಪರ್, ಅಲ್ಲೇ ದನ ಮೇಯಿಸುತ್ತಿದ್ದವರು, ಎಲ್ಲರ ಹೇಳಿಕೆ ಬರೆದುಕೊಳ್ಳುವುದು ಅವರ ಕೆಲಸ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಉಳಿದವಳು ಒಬ್ಬಳೇ ಮಗಳು, ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲೇ ಟೀಚರ್, ನನ್ನ ಗೆಳತಿ. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಕಾಮಾಲೆಯಾಗಿ, ಹನ್ನೊಂದು ದಿನ ನರಳಿ ಹೋಗಿಬಿಟ್ಟಳು. ಇಪ್ಪತ್ತಾರು ವರ್ಷ.

ಮಣ್ಣು ಮಾಡುವಾಗ ಪಾದ್ರಿಗಳು, ಲೋಕದ ಕೊನೆಯ ದಿನ ಇವಳು ಸಾವಿನಿಂದ ಮತ್ತೆ ಏಳುತ್ತಾಳೆ ಎಂದರು. ಮನೆಗೆ ಬಂದವರೇ ಗುಮಾಸ್ತರು ಜಗಲಿಯ ಮೇಲೆ ಕೂತು ನನ್ನನ್ನು ಕರೆದರು.

"ಟೀಚರ್, ಚಿಕ್ಕಂದಿನಿಂದ ಪ್ರತಿ ಭಾನುವಾರ ಚರ್ಚಲ್ಲಿ ಎದ್ದು ನಿಂತು ಆ ಮಾತು ಹೇಳಿದೀನಿ. ಯೇಸುಸ್ವಾಮಿ ಎದ್ರು, ನಾವೂ ಏಳ್ತೀವಿ ಅಂತ. ಒಂದು ದಿನಾನೂ ವಿಚಾರಿಸಿ ನೋಡ್ಲಿಲ್ಲ. ಒಂದು ಎಮ್ಮೆ ಸತ್ರೆ ಒಂಬತ್ತು ಜನರ ಹೇಳಿಕೆ ತಗೊಂಡೋನು ನಾನು."

ಅದು ನಿಜವಾದರೆ ಮಗಳು ಸಿಗುತ್ತಾಳೆ, ಸುಳ್ಳಾದರೆ ಇಲ್ಲ. ಅವರಿಗೆ ಬೇರೇನೂ ಉಳಿದಿರಲಿಲ್ಲ. ಮುಂದಿನ ವಾರವೇ ಒಂದು ದಪ್ಪ ನೋಟ್ ಪುಸ್ತಕ ತಂದು ವಿಚಾರಣೆ ಶುರು ಮಾಡಿದರು. ನಾನು ಬೌದ್ಧರ ಮನೆಯವಳು, ನಮ್ಮಲ್ಲಿ ಇಂಥ ಮಾತೇ ಇಲ್ಲ. ಅದಕ್ಕೇ ನಾನು ಬೇಕಾಗಿತ್ತು. "ನಮ್ಮೋರನ್ನ ಕೇಳಿದ್ರೆ ನಂಬು ಅಂತಾರೆ. ನೀವು ಅಡ್ಡ ಪ್ರಶ್ನೆ ಹಾಕಿ" ಎಂದರು.

ಯೇಸುವಿನ ಶಿಷ್ಯರೇ ಹೆಣ ಕದ್ದು ಕತೆ ಹಬ್ಬಿಸಿದರು ಎಂಬುದನ್ನು ಮೊದಲು ಹಿಡಿದರು. "ಕೆಲಸ ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದ ಗೇಟ್‌ಕೀಪರ್‌ಗಳನ್ನ ಬೇಕಾದಷ್ಟು ನೋಡಿದೀನಿ. ಈ ಮಾತಿಗೇ ಆ ಶಿಷ್ಯರು ಒದೆ ತಿಂದು ಸತ್ರು. ಸಾಯೋಕೆ ಯಾರು ಸುಳ್ಳು ಹೇಳ್ತಾರೆ?" ಎಂದು ಅಡ್ಡಗೆರೆ ಎಳೆದರು. ಸತ್ತೇ ಇರಲಿಲ್ಲ, ಬರೀ ಮೂರ್ಛೆ ಎಂಬುದಕ್ಕೂ ಅದೇ ಗತಿಯಾಯಿತು. ಹಳಿಯಿಂದ ಎತ್ತಿದ ಹೆಣಗಳನ್ನು ಕಣ್ಣಾರೆ ಕಂಡ ಅವರಿಗೆ ಸಾವು ಯಾವುದು, ಮೂರ್ಛೆ ಯಾವುದು ಗೊತ್ತಿತ್ತು. ಯೇಸುವಿನ ಸಮಾಧಿಗೆ ಹೋಗಿ ಅದು ಖಾಲಿಯಾಗಿದ್ದನ್ನು ಮೊದಲು ಕಂಡ ಹೆಂಗಸರು ಎಷ್ಟು ಜನ ಎಂಬುದೇ ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಒಂದೊಂದು ಥರ ಇದೆಯಲ್ಲ ಎಂದು ನಾನು ತಕರಾರು ತೆಗೆದೆ. ಅವರ ಮುಖ ಅರಳಿತು.

"ಒಂದೇ ಥರ ಇದ್ದಿದ್ರೆ ಮೊದ್ಲೇ ಕೂತು ಮಾತಾಡ್ಕೊಂಡವ್ರೆ ಅಂತಿದ್ದೆ. ಅದೂ ಅಲ್ದೆ, ಆ ಕಾಲದಲ್ಲಿ ಹೆಂಗಸ್ರ ಸಾಕ್ಷಿಗೆ ಬೆಲೆ ಇರ್ಲಿಲ್ಲ. ಕತೆ ಕಟ್ಟೋನು ಗಂಡಸ್ರನ್ನ ನಿಲ್ಲಿಸ್ತಿದ್ದ." ಅವತ್ತು ಎರಡು ಲೋಟ ಕಾಫಿ ಕೇಳಿ ಕುಡಿದರು.

ಆ ಹೆಂಗಸರು ನಸುಕಿನಲ್ಲಿ ಜಾಗ ತಪ್ಪಿ ಬೇರೆ ಖಾಲಿ ಸಮಾಧಿ ನೋಡಿರಬಹುದು ಎಂಬ ವಾದವೂ ಒಂದಿತ್ತು. ಇಟ್ಟ ಜಾಗ ಯಾರಾದರೂ ಮರೆಯುತ್ತಾರೆಯೇ ಎಂದು ನಕ್ಕು ಅದನ್ನೂ ಹೊಡೆದು ಹಾಕಿದ್ದರು. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದರು. ಮಳೆಗೆ ಮಗಳ ಸಮಾಧಿಯ ಮರದ ಶಿಲುಬೆ ಬಿದ್ದುಹೋಗಿ, ಮಣ್ಣಿನ ಗುಡ್ಡೆಗಳ ಮೇಲೆಲ್ಲ ಹುಲ್ಲು ಬೆಳೆದಿತ್ತಂತೆ. ಅರ್ಧ ಗಂಟೆ ಪ್ರಾರ್ಥನೆ ಮಾಡಿ ಎದ್ದಾಗ ಅಲ್ಲಿನ ಕಾವಲುಗಾರ, "ಸಾರ್, ನಿಮ್ಮ ಮಗಳ್ದು ಆ ಕಡೆ ಐತೆ" ಎಂದನಂತೆ.

"ಹೆತ್ತೋನು ನಾನು. ಹಾಡಹಗಲಲ್ಲಿ ಯಾರದೋ ಮಣ್ಣಿಗೆ ಹೂ ಹಾಕಿ ಅತ್ತು ಬಂದೆ ಟೀಚರ್." ಹೊಡೆದು ಹಾಕಿದ್ದ ವಾದವನ್ನು ನನ್ನೆದುರೇ ಮತ್ತೆ ಬರೆದುಕೊಂಡರು, ಕಾರ್ಬನ್ ಇಟ್ಟು.

ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಶಾಲೆಯ ಪ್ರವಾಸದಲ್ಲಿ ಅವರನ್ನೂ ಹಳೇಬೀಡಿಗೆ ಕರೆದುಕೊಂಡು ಹೋದೆ. ಅಲ್ಲೊಬ್ಬ ಗೈಡು ನರ್ತಕಿಯ ಶಿಲ್ಪ ತೋರಿಸಿ, ಇವಳು ಶಿಲ್ಪಿಯ ಮಗಳು ಎಂದು ಕತೆ ಹೇಳಿದ. ಆರು ವರ್ಷದ ಹಿಂದೆ ನಾನು ಬಂದಾಗ ಇವನೇ ಅವಳನ್ನು ರಾಣಿಯ ಸಖಿ ಮಾಡಿದ್ದ. ಜಾಣೆ ಎನಿಸಿಕೊಳ್ಳುವ ಚಪಲ ನನಗೆ ಮೊದಲಿನಿಂದಲೂ ಇದೆ. "ನೋಡಿ ಅಂಕಲ್, ಆರೇ ವರ್ಷಕ್ಕೆ ಕತೆ ಹೀಗೆ ಬೆಳೆಯುತ್ತೆ. ಸುವಾರ್ತೆ ಬರೆಯೋ ಹೊತ್ತಿಗೆ ಯೇಸು ಸತ್ತು ಎಷ್ಟು ವರ್ಷ ಆಗಿತ್ತು?" ಎಂದುಬಿಟ್ಟೆ. ಮಕ್ಕಳು ಬುತ್ತಿ ಬಿಚ್ಚಿದರೂ ಅವರು ಊಟಕ್ಕೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತು ಪುಸ್ತಕಕ್ಕೆ ಅದನ್ನೂ ಸೇರಿಸುತ್ತಿದ್ದರು. ಆ ಪುಟ ನಾನು ಬರೆಸಿದ್ದು. ನನ್ನ ನಾಲಿಗೆಗೆ ಬೆಂಕಿ ಬೀಳಲಿಲ್ಲ ಅವತ್ತು.

ಮರುವರ್ಷ ಸ್ಟೇಷನ್ನಿನಲ್ಲಿ ಹೊರಟಿದ್ದ ಹಾಸನದ ರೈಲಿನ ಕಿಟಕಿಯಲ್ಲಿ ಅವರಿಗೆ ಮಗಳು ಕಂಡಳು. ಪ್ಲಾಟ್‌ಫಾರಂ ಕೊನೆಯವರೆಗೆ ಓಡಿ ಬಿದ್ದರು. ಗಾಯ ತೊಳೆಯುವಾಗ ನನ್ನ ಕೈ ಹಿಡಿದುಕೊಂಡು, "ಅವ್ಳೇ, ಟೀಚರ್. ತಲೆ ಹಿಂಗೇ ವಾಲಿಸ್ಕೊಂಡಿದ್ಲು. ಆ ಶಿಷ್ಯರಿಗೂ ಯೇಸುಸ್ವಾಮಿ ಹಿಂಗೇ ಕಂಡಿದ್ರೆ? ದುಃಖಕ್ಕೆ ಕಂಡಿದ್ರೆ ನಾನೇನು ಮಾಡ್ಲಿ?" ಎಂದು ಬಿಕ್ಕಿದರು. ಬೆಳಿಗ್ಗೆ ಮತ್ತೆ ಬಂದು, "ನನಗೊಬ್ಬನಿಗೆ ಕಂಡ್ಳು. ಯೇಸುಸ್ವಾಮಿ ಬಹಳ ಜನ ಶಿಷ್ಯರಿಗೆ ಒಟ್ಟಿಗೆ ಕಂಡ್ರಂತೆ, ಜೊತೇಲಿ ಊಟ ಮಾಡಿದ್ರಂತೆ" ಎಂದರು. ಸಂಜೆಗೆ ಅದೂ ಸಾಲದಾಯಿತು. ಹೀಗೇ ಐದು ವರ್ಷ ಕಳೆಯಿತು. ಮನುಷ್ಯ ಅರ್ಧವಾದರು.

ಕೊನೆಗೆ ಹಾಸನದ ಆಸ್ಪತ್ರೆ ಸೇರಿದರು. ಮೂತ್ರಪಿಂಡ ಕೈಕೊಟ್ಟಿದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನು ಹೋದಾಗ ಪುಸ್ತಕ ಎದೆಯ ಮೇಲಿತ್ತು.

"ಕೆಲಸದಲ್ಲಿದ್ದಷ್ಟು ದಿನ ಹೇಳಿಕೆ ಬರೆದೋನು ನಾನು. ತೀರ್ಮಾನ ಬರೆಯೋರು ಸಾಹೇಬ್ರು. ಅದು ನನ್ನ ಕೈಲಿ ಆಗ್ತಾ ಇಲ್ಲ. ಎಲ್ಲಾ ಕೇಳಿದೋರು ನೀವೊಬ್ಬರೇ. ಹೇಳಿ ಟೀಚರ್, ಆ ಸಾಕ್ಷಿ ನಿಲ್ಲುತ್ತಾ?"

ಆ ಕಣ್ಣು ನೋಡಲು ನನ್ನಿಂದಾಗಲಿಲ್ಲ. "ನಿಲ್ಲುತ್ತೆ ಅಂಕಲ್. ಯೇಸುಸ್ವಾಮಿ ಎದ್ದಿದ್ದು ನಿಜ. ಅವಳು ಸಿಗ್ತಾಳೆ" ಎಂದೆ.

ಅವರು ನನ್ನ ಮುಖ ನೋಡಿದರು. ಸಾವಿರಾರು ಜನರ ಹೇಳಿಕೆ ಬರೆದವರು, ಹೇಳಿಕೊಟ್ಟ ಸಾಕ್ಷಿ ಯಾವುದೆಂದು ಅವರಿಗೆ ತಿಳಿಯುತ್ತಿತ್ತು.

"ಯಾರು ಹೇಳ್ಕೊಟ್ರಮ್ಮ?" ಎಂದು ಮೆಲ್ಲಗೆ ಕೇಳಿ, ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಮಧ್ಯಾಹ್ನ ಹೋದರು. ಮತ್ತೆ ಮಾತಾಡಲಿಲ್ಲ.

ಯೇಸು ಎದ್ದದ್ದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಐದು ವರ್ಷ ಅವರ ಜೊತೆ ಕೂತು ಕೇಳಿದ ಮೇಲೂ, ಆಯಿತು ಎನ್ನಲೂ ಆಗಿಲ್ಲ ಎನ್ನಲೂ ನನ್ನ ಹತ್ತಿರ ಏನೂ ಇರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡ ಸಾಕ್ಷಿಯನ್ನು ಅವರು ಯಾವತ್ತೂ ಗದರಿಸಿದವರಲ್ಲ, ಟೀ ಕುಡಿಸಿ ಕಳಿಸುತ್ತಿದ್ದರಂತೆ. ಗೊತ್ತಿಲ್ಲ ಅಂಕಲ್, ಆದರೆ ಅವಳು ನಿಮಗೆ ಸಿಗಲಿ ಅಂತ ನನಗೂ ಆಸೆಯಿದೆ ಎಂದಿದ್ದರೆ ಸಾಕಿತ್ತು. ಅಷ್ಟು ನಿಜ ನನ್ನಲ್ಲಿತ್ತು, ಅದನ್ನು ಅವರಿಗೆ ಕೊಡಲಿಲ್ಲ.