ತವುಡಿಗೆ ಮಾರಿದ ಪಾಪ

ನಂಜನಗೂಡಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನನ್ನ ಅಳಿಯ ‘ಪಾಪ ಸೀರಿಯಸ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಫ್ಯಾಕ್ಟರಿಯ ಗ್ರೂಪಿಗೆ ಕಳಿಸಿದ. ತಕ್ಷಣ ಉತ್ತರ ಭಾರತದ ಕಡೆಯ ಅವನ ಮೇಲಧಿಕಾರಿ ಕರೆ ಮಾಡಿ, ತಂದೆಯವರಿಗೆ ಈಗ ಎಷ್ಟು ವಯಸ್ಸು ಎಂದು ಮರುಕದಿಂದ ಕೇಳಿದರಂತೆ. ಅವನ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಸೀರಿಯಸ್ ಆಗಿದ್ದದ್ದು ಅದೇ ಬೆಳಿಗ್ಗೆ ದಿನ ತುಂಬದೆ ಹುಟ್ಟಿದ ನನ್ನ ಮೊಮ್ಮಗಳು.

ಬೇರೆ ಸಮಯವಾಗಿದ್ದರೆ ಈ ಎಡವಟ್ಟನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು; ನಾಲ್ಕು ಭಾಷೆಯಲ್ಲಿ ಒಂದೇ ಥರ ಬರೆಯುವ ಶಬ್ದ ಸಿಕ್ಕರೆ ಬಿಡುವ ಪೈಕಿಯಲ್ಲ. ಅಂಥವುಗಳಲ್ಲಿ ‘ಪಾಪ’ ನನ್ನ ಅಚ್ಚುಮೆಚ್ಚು. ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ಹೆಸರಿಡುವ ತನಕ ಎಲ್ಲ ಕೂಸೂ ಪಾಪನೇ. ಇದು ನಮ್ಮದೇ ಮಾತು, ತಮಿಳರಲ್ಲೂ ಉಂಟು. ಸಂಸ್ಕೃತದಿಂದ ಬಂದ ಪಾಪವನ್ನು ತೊಳೆದುಕೊಳ್ಳಲು ಜನ ಇದೇ ಊರಿನ ಕಪಿಲೆಯಲ್ಲಿ ಮುಳುಗುತ್ತಾರೆ. ಯಾರಾದರೂ ಎಡವಿ ಬಿದ್ದರೆ ‘ಪಾಪ’ ಅನ್ನುತ್ತೇವಲ್ಲ, ಅದು ಇವೆರಡರಲ್ಲಿ ಯಾರ ಮನೆಯದೆಂದು ನನಗಿನ್ನೂ ತೀರ್ಮಾನವಾಗಿಲ್ಲ. ಕೊನೆ ಎಳೆದರೆ ಹಿಂದಿಯವರ ಅಪ್ಪ. ಅದು ಯುರೋಪಿನ ಮಕ್ಕಳ ತೊದಲು, ಇಂಗ್ಲಿಷಿನ ಬೆನ್ನೇರಿ ಬಂದದ್ದು. ಇನ್ನು ಅಳಿಯನ ಫ್ಯಾಕ್ಟರಿಗೆ ಯಂತ್ರ ಜೋಡಿಸಲು ಪೆರು ದೇಶದಿಂದ ಬಂದಿದ್ದ ಒಬ್ಬಾತ ಕ್ಯಾಂಟೀನಿನ ಆಲೂಗಡ್ಡೆ ಪಲ್ಯ ಕಂಡು ‘ಪಾಪ, ಪಾಪ’ ಎಂದು ಹಿಗ್ಗಿದ್ದನಂತೆ. ಅಲ್ಲಿಯ ಬೆಟ್ಟದ ಜನ ಆಲೂಗಡ್ಡೆಗೆ ಇಟ್ಟ ಹೆಸರೇ ಅದು. ಒಂದಕ್ಕೊಂದು ನೆಂಟಸ್ತಿಕೆಯಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಮಾತ್ರ ಒಂದೇ ಥರ.

ನನ್ನ ಮಗಳ ಎದುರಿಗೆ ಆಗ ಇದನ್ನೆಲ್ಲ ಆಡುವ ಹಾಗಿರಲಿಲ್ಲ. ಅವಳ ಮೊದಲ ಮಗುವಿಗೆ ಗಂಡ ಹೆಂಡತಿ ಮುಂಚೆಯೇ ಹೆಸರು ಆರಿಸಿಟ್ಟುಕೊಂಡು, ಹುಟ್ಟಿದ ದಿನವೇ ಹೆಸರು ಹಿಡಿದು ಕರೆದಿದ್ದರು. ತೊಟ್ಟಿಲ ಶಾಸ್ತ್ರಕ್ಕೆ ಮೊದಲೇ ಅದು ಹೋಯಿತು. ನೋಡಲು ಬಂದ ನೆಂಟರೊಬ್ಬರು, ಯಾವ ಜನ್ಮದ ಪಾಪವೋ ಅಂದರು. ಆಮೇಲೆ ಆ ಶಬ್ದ ಯಾರ ಬಾಯಲ್ಲಿ ಬಂದರೂ ಅವಳು ಮುಖ ತಿರುಗಿಸುತ್ತಿದ್ದಳು. ಈ ಸಲ ಮಗುವಿಗೆ ಹೆಸರಿಲ್ಲ. ಹೆಸರಿಲ್ಲದ್ದರಿಂದ ಆಯಾ, ನರ್ಸು, ಕಸ ಗುಡಿಸುವವರು ಎಲ್ಲರ ಬಾಯಲ್ಲೂ ಅದೇ ಶಬ್ದ.

ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಮಗಳು ಹಿಂಡಿ ಕೊಟ್ಟ ಹಾಲನ್ನು ನಳಿಕೆಯಲ್ಲಿ ಬಿಡುತ್ತಿದ್ದರು. ಆ ವಾರವೆಲ್ಲ ನಾವು ಬಾಗಿಲಾಚೆಯ ಬೆಂಚಿನ ಮೇಲೆ ಕೂತೇ ಕಳೆದೆವು. ಒಂದು ಬೆಳಿಗ್ಗೆ ಡಾಕ್ಟರು ಬಂದು, “ಉಸಿರಾಟದ ನಳಿಕೆ ಇವತ್ತು ತೆಗೆದು ನೋಡ್ತೀವಿ. ಮೈ ಬಿಸಿ ನಿಲ್ತಾ ಇಲ್ಲ. ತಾಯಿ ಎದೆಗೇ ಒತ್ತಿ ಕಟ್ಟಬೇಕು. ಕರೆದ ತಕ್ಷಣ ಒಳಗೆ ಬರಬೇಕು. ತಾನೇ ಚೀಪಿದರೆ ಗೆದ್ದ ಹಾಗೆ” ಅಂದರು.

ಡಾಕ್ಟರು ಆ ಕಡೆ ಹೋಗುತ್ತಲೇ ಮಗಳು ಸಂಸಾರ ಮಾಡಿಕೊಂಡಿರುವ ಸೋಸಲೆಯಿಂದ ಅವಳ ಎದುರುಮನೆಯ ಮುದುಕಿ ಬಂದಳು. ಎಮ್ಮೆ ಕಟ್ಟಿಕೊಂಡು ಹಾಲು ಹಾಕುವಾಕೆ. ಟಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ಕೈಯಲ್ಲಿ ಹಣ್ಣಿರಲಿಲ್ಲ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ತವುಡಿತ್ತು. ಎಮ್ಮೆಗೆಂದು ಕೊಂಡದ್ದಿರಬೇಕು ಅಂದುಕೊಂಡೆ.

“ಮೊದಲ್ನೇದು ಓದ್ಮೇಲೆ ಎರಡ್ನೇದ ನಮ್ದು ಅನ್ನಬಾರ್ದು ಕಣವ್ವ,” ಎಂದು ಮುದುಕಿ ಮಗಳ ಪಕ್ಕ ಕೂತಳು. “ತವುಡಿಗೆ ಮಾರ್ಬುಡು. ನನ್ ಮಕ್ಕ ಎಲ್ಲಾ ಉಳ್ಕಂಡವೆ, ನಾನ್ ತಕ್ಕತೀನಿ. ನನ್ ಕೂಸು ಅಂತ ನೀನು ಬಾಯ್ಬುಡಬೇಡ. ಕಾಯ್ಕಂಡಿರದು ಕೇಳುಸ್ಕತದೆ.”

ಮಕ್ಕಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲು ಹೀಗೆ ಮಾಡುತ್ತಿದ್ದದ್ದು ನನಗೂ ಗೊತ್ತಿತ್ತು. ಅಜ್ಜಿಯ ಕಾಲದ ಮಾತು. ನನ್ನ ಮಗಳು ಬಯಾಲಜಿ ಓದಿದವಳು, ಮೂಗು ಮುರಿಯುತ್ತಾಳೆ ಅಂದುಕೊಂಡೆ. ಅವಳು ಮಡಿಲೊಡ್ಡಿದಳು. ಮುದುಕಿ ಒಂದು ಹಿಡಿ ತವುಡು ಸುರಿದು, “ಕೊಂಡ್ಕಂಡೆ. ಇನ್ನು ಇದು ನನ್ ಕೂಸು. ತವುಡು ಜ್ವಾಪಾನ, ಕಳದೋದ್ರೆ ಮಾರಿದ್ದು ಮುರ್ದಂಗೆ” ಅಂದಳು.

“ತಲೆ ಕೆಟ್ಟಿದೆಯೇನೇ ನಿನಗೆ?” ಎಂದು ನಾನು ಮಗಳ ಮೇಲೆ ರೇಗಿದೆ.

“ಸುಮ್ನಿರಮ್ಮ,” ಅಂದಳು ಮಗಳು. “ಹೋದ ಸಲ ಎಲ್ಲಾ ಸರಿಯಾಗೇ ಮಾಡಿದ್ವಲ್ಲ.”

ಅಳಿಯ ಔಷಧಿ ತರಲು ಹೋಗಿದ್ದ. ಮುದುಕಿ ಎಲೆ ಅಡಿಕೆ ತೆಗೆದು, ಆಸ್ಪತ್ರೆ ಅನ್ನುವುದು ನೆನಪಾಗಿ ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲ ಕಡೆ ನೋಡಬಾರದು ಅಂದುಕೊಳ್ಳುತ್ತಲೇ ಮೂವರೂ ಬಾಗಿಲನ್ನೇ ನೋಡುತ್ತಿದ್ದೆವು.

ಬಾಗಿಲು ತೆರೆಯಿತು. ನರ್ಸು ತಲೆ ಹೊರಗೆ ಹಾಕಿ, “ಪಾಪನ ತಾಯಿ ಯಾರು? ಬೇಗ ಬನ್ನಿ” ಅಂದಳು.

ಮಗಳು ಏಳಲಿಲ್ಲ.

“ಪಾಪನ ತಾಯಿ ಇಲ್ವಾ? ಮೈ ತಣ್ಣಗಾಗ್ತಾ ಇದೆ, ಬನ್ರೀ.” ನಾನು ಮಗಳ ರಟ್ಟೆ ಹಿಡಿದು ಎಳೆದೆ. ಅವಳು ಮಡಿಲಿನ ತವುಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ನೆಲ ನೋಡುತ್ತ, “ನಾನಲ್ಲ” ಅಂದಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಮುದುಕಿ ಎದ್ದು ನಿಂತಳು. “ನಾನೇ ಕಣವ್ವ.”

ನರ್ಸು ಆ ನೆರೆತ ತಲೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಇದೇನ್ರೀ ತಮಾಷೆ? ಹಾಲು ಕುಡಿಸೋರು ಬೇಕು. ಬರಲ್ಲ ಅಂದ್ರೆ ಡಾಕ್ಟರಿಗೆ ಹೇಳ್ತೀನಿ,” ಎಂದು ಬಾಗಿಲು ಎಳೆದುಕೊಳ್ಳಲು ಹೋದಳು.

ಇಂಥದ್ದೊಂದು ಪೇಚನ್ನು ಮುದುಕಿ ಎಣಿಸಿರಲಿಲ್ಲ ಅಂತ ಕಾಣುತ್ತದೆ. ಬಾಗಿಲಿಗೆ ಕೈ ಅಡ್ಡ ಇಟ್ಟಳು. ಆಮೇಲೆ ಮಗಳ ಕಡೆ ತಿರುಗಿ ಗದರಿದಳು.

“ಏಳ್ ಮ್ಯಾಕೆ. ಕೊಂಡೋಳು ನಾನು, ನನ್ ಎದೇಲಿ ಆಲಿಲ್ಲ. ನನ್ ಕೂಸ್ಗೆ ಆಲು ಕುಡ್ಸಕ್ಕೆ ನಿನ್ನ ಗೊತ್ ಮಾಡ್ಕಂಡಿವ್ನಿ. ತಾಯಿ ಅಂತ ಓಗಬೇಡ, ಆಲು ಕುಡ್ಸೋಳು ಅಂತ ಓಗು.”

ಮಗಳು ಎದ್ದಳು. ಎದ್ದ ರಭಸಕ್ಕೆ ಮಡಿಲಿನ ತವುಡೆಲ್ಲ ನೆಲಕ್ಕೆ ಚೆಲ್ಲಿತು. ಅವಳಿಗೆ ಅದರ ಪರಿವೆಯಿರಲಿಲ್ಲ. ಹೊಲಿಗೆಯ ನೋವಿಗೆ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಹೆದರಿಕೆಯಲ್ಲಿ ನನ್ನ ತಲೆ ಎಂಥ ದರಿದ್ರ ಕೆಲಸ ಮಾಡುತ್ತದೆ ನೋಡಿ. ಈ ಮುದುಕಿಯ ಬಾಯಲ್ಲಿ ಹಾಲು ‘ಆಲು’ ಆಗಿದೆ, ಹಿಂದಿಯವರಿಗೆ ಅದು ಆಲೂಗಡ್ಡೆ, ಪೆರುವಿನವನಿಗೆ ಪಾಪ ಆಲೂಗಡ್ಡೆ ಎಂದು ಲೆಕ್ಕ ಹಾಕುತ್ತ ಕೂತೆ. ಬಾಗಿಲಾಚೆ ಅಳು ಕೇಳುತ್ತದೇನೋ ಎಂದು ಕಿವಿಗೊಟ್ಟೆ. ಯಾವುದೋ ಯಂತ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಮುದುಕಿ ಕಣ್ಣು ಮುಚ್ಚಿ ಏನನ್ನೋ ಗೊಣಗುತ್ತಿದ್ದಳು. ಆಕೆಯ ಮೇಲೆ ನನಗೆ ಸಿಟ್ಟೂ ಇತ್ತು, ಆಕೆ ಎದ್ದು ಹೋಗಿಬಿಟ್ಟರೆ ಏನು ಗತಿ ಎಂಬ ಭಯವೂ ಇತ್ತು.

ಕೊನೆಗೆ ನರ್ಸು ಬಾಗಿಲನ್ನು ಒಂದಿಷ್ಟು ತೆರೆದು, ಅಲ್ಲೇ ನಿಂತು ನೋಡಿ ಅಂದಳು. ಒಳಗೆ ಮಗಳು ಒರಗಿ ಕೂತಿದ್ದಳು. ಹೊದಿಕೆಯ ಸಂದಿಯಲ್ಲಿ ಒಂದು ಉಣ್ಣೆ ಟೋಪಿ ಮಾತ್ರ ಕಾಣುತ್ತಿತ್ತು, ಅದು ಮೆಲ್ಲಗೆ ಅಲ್ಲಾಡುತ್ತಿತ್ತು. ಮಗಳು ತಲೆಯೆತ್ತಿದಳು. ಹೆತ್ತವಳು ನಾನು ಮುಂದೆಯೇ ನಿಂತಿದ್ದೇನೆ. ನನ್ನನ್ನು ದಾಟಿ ಹಿಂದಿದ್ದ ಮುದುಕಿಯನ್ನು ನೋಡಿ ಹೇಳಿದಳು:

“ಅವ್ವಾ, ನಿಮ್ ಪಾಪ ಚೀಪ್ತಾ ಇದೆ.”

ಮೊದಲ ಮಗು ಹೋದ ಮೇಲೆ ಆ ಶಬ್ದವನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು. ಬಾಗಿಲು ಮುಚ್ಚಿದ ಮೇಲೆ ತಿರುಗಿ ನೋಡಿದರೆ ಬೆಂಚಿನ ಕೆಳಗೆ ಕಸ ಗುಡಿಸುವಾಕೆ ಪೊರಕೆ ಹಾಕಲು ಬಗ್ಗುತ್ತಿದ್ದಳು. ತಡಿಯಮ್ಮ ಎಂದು ಆಕೆಯ ಕೈ ಹಿಡಿದೆ. ನೆಲದ ಮೇಲೆ ಕುಕ್ಕರಿಸಿ, ಚೆಲ್ಲಿದ ತವುಡನ್ನು ಒಂದು ಚೂರೂ ಬಿಡದೆ ಬಳಿದು ನನ್ನ ಸೆರಗಿಗೆ ಗಂಟು ಹಾಕಿಕೊಂಡೆ.