ಹಸಿರು ಜರಡಿ ಮತ್ತು ಸ್ತಮೇನಾಳ ಬೀಜ

ನೈದೆನ್ ಪ್ಲೊವ್ದಿವ್ ಪಟ್ಟಣದಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ನಿವೃತ್ತನಾಗಿ ಹೆಂಡತಿ ಸ್ತಮೇನಾಳ ಊರಿಗೆ ಬಂದರೆ ಅಲ್ಲಿ ಲಿಫ್ಟಿರಲಿ, ಎರಡನೇ ಮಹಡಿಯೇ ಇಲ್ಲ. ಕೈ ಸುಮ್ಮನಿರಬೇಕಲ್ಲ? ಮನೆಯಲ್ಲಿ ಹಳತಾದದ್ದೆಲ್ಲ ತೋಟದ ಸಲಕರಣೆಯಾಗತೊಡಗಿತು. ಐದು ಲೀಟರಿನ ಎಣ್ಣೆ ಕ್ಯಾನನ್ನು ಓರೆಯಾಗಿ ಕತ್ತರಿಸಿದರೆ ಗೊಬ್ಬರ ಮೊಗೆಯುವ ಮೊರ. ಬಾಟಲಿ ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಹೊಡೆದರೆ ಸಸಿಗೆ ನೀರು ಚಿಮುಕಿಸುವ ಸಾಧನ. ಹಲ್ಲು ಬಗ್ಗಿಸಿದ ಫೋರ್ಕಿಗೆ ಕೊಡೆಯ ಹಿಡಿ ಕಟ್ಟಿದರೆ ಕಳೆ ಕೆದಕುವ ಪುಟ್ಟ ಕುಂಟೆ. ಎಲ್ಲಕ್ಕೂ ಬೇಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ, ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ನೈದೆನ್ ಮಾದರಿ’, ಪಕ್ಕದಲ್ಲೊಂದು ಸಂಖ್ಯೆ. ಯಾರಾದರೂ ನಕಲು ಮಾಡಿಯಾರೆಂದು ಬೀದಿಗೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಿದ್ದ. ಊರಿನವರಿಗೆ ಆ ಯೋಚನೆ ಬಂದಿರಲಿಲ್ಲ. ಅವರೆಲ್ಲ ಚಿಕ್ಕಂದಿನಿಂದ ಇದನ್ನೇ ಮಾಡಿಕೊಂಡು ಬಂದವರು. ಸಂಖ್ಯೆ ಹಾಕಿರಲಿಲ್ಲ, ಅಷ್ಟೆ.

ಮಾರ್ಚ್ ತಿಂಗಳಲ್ಲಿ ಹದಿನಾಲ್ಕನೆಯ ಮಾದರಿಯ ಸರದಿ: ಸಸಿಮಡಿಗೆ ಮಣ್ಣು ಜಾಲಿಸುವ ಜರಡಿ. ಶೆಡ್ಡಿನ ಅಟ್ಟದಲ್ಲಿ ಒಳ್ಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ತೆರೆದರೆ ಒಳಗೆ ಮಡಿಸಿಟ್ಟ ಕಾಗದದ ಕರವಸ್ತ್ರಗಳು, ನಸುಗೆಂಪು ಕಲೆ ಬೇರೆ. ‘ಊಟ ಮಾಡಿ ಬಾಯಿ ಒರೆಸಿದ ಕಾಗದವನ್ನೂ ಕೂಡಿಟ್ಟಿದ್ದಾಳಲ್ಲ ಮಹಾತಾಯಿ’ ಎಂದುಕೊಂಡು ಅಷ್ಟನ್ನೂ ಒಲೆ ಹೊತ್ತಿಸಲು ಬಳಸಿದ. ತಳಕ್ಕೆ ಮೊಳೆಯಿಂದ ಇನ್ನೂರು ತೂತು ಹೊಡೆದು, ಡಬ್ಬಿಯ ಗುರುತೇ ಸಿಗದಂತೆ ಹಸಿರು ಬಳಿದ.

ಸ್ತಮೇನಾ ಜರಡಿಗೆ ಮಣ್ಣು ಹಾಕಿ ಆಡಿಸಿದಳು. ಹಿಟ್ಟಿನಂತೆ ಉದುರಿತು.

“ಈ ಸಲ ಕೆಲಸಕ್ಕೆ ಬರೋದು ಮಾಡಿದೀಯ ಕಣೋ. ನಾಳೆ ಟೊಮೆಟೊ ಬೀಜ ಹಾಕಿಬಿಡ್ತೀನಿ. ಶೆಡ್ಡಿಂದ ಅಮ್ಮನ ಬೀಜ ತಂದಿಡು.”

“ಯಾವ ಬೀಜ?”

“ಬಿಸ್ಕತ್ತಿನ ಡಬ್ಬೀಲಿದೆಯಲ್ಲ. ಕಾಗದಕ್ಕೆ ಅಂಟಿಸಿ ಒಣಗಿಸಿಟ್ಟಿದೀನಿ.”

ಬೀಜವೆಂದರೆ ಅಂಗಡಿಯ ಪೊಟ್ಟಣ ಎಂದು ತಿಳಿದಿದ್ದ ನೈದೆನ್ ಹಸಿರು ಜರಡಿಯನ್ನೊಮ್ಮೆ, ಒಲೆಯ ಕಡೆಗೊಮ್ಮೆ ನೋಡಿದ. ಅತ್ತೆ ತೀರಿಕೊಂಡು ಆರು ವರ್ಷ. ಒಂದೊಂದೂ ಅರ್ಧ ಕಿಲೋ ತೂಗುವ, ಸಂತೆಗೆ ಒಯ್ಯುವಷ್ಟರಲ್ಲಿ ಬಿರಿಯುವ ಆ ಗುಲಾಬಿ ಟೊಮೆಟೊ ಬಿಟ್ಟರೆ ಆಕೆಯ ಕೈಯಿಂದ ಬಂದದ್ದು ಈ ಮನೆಯಲ್ಲಿ ಬೇರೇನೂ ಇರಲಿಲ್ಲ. ಸ್ತಮೇನಾ ಅದರ ಬೀಜವನ್ನು ಯಾರಿಗೂ ಕೊಟ್ಟವಳಲ್ಲ.

ಕೊಟ್ಟವಳಲ್ಲ, ನಿಜ. ಆದರೆ ಆ ಊರಿನಲ್ಲಿ ಕೇಳಿ ತಂದ ಬೀಜಕ್ಕಿಂತ ಕದ್ದ ಬೀಜ ಹುಲುಸಾಗಿ ಹುಟ್ಟುತ್ತದೆಂಬ ನಂಬಿಕೆಯಿದೆ. ಹೋದ ಸೆಪ್ಟೆಂಬರಿನಲ್ಲಿ, ಬೀಜಕ್ಕೆಂದು ಕೆಂಪು ದಾರ ಕಟ್ಟಿ ಬಿಟ್ಟಿದ್ದ ಮೂರು ಹಣ್ಣುಗಳಲ್ಲಿ ಒಂದು ಕಾಣೆಯಾಗಿತ್ತು. ಅಂದಿನಿಂದ ಪಕ್ಕದ ಮನೆಯ ಗಿನ್ಕಾಳೊಂದಿಗೆ ಸ್ತಮೇನಾಳ ಮಾತು ನಿಂತಿತ್ತು. ನೈದೆನ್ ಟೋಪಿ ಕೈಯಲ್ಲಿ ಹಿಡಿದು ಗಿನ್ಕಾಳ ಬಾಗಿಲಿಗೆ ಹೋದ.

“ಗಿನ್ಕಕ್ಕ, ಆ ಟೊಮೆಟೊ...”

“ಆರು ತಿಂಗಳಾಯ್ತು, ಇನ್ನೂ ಅದೇ ರಾಗಾನಾ? ನಾನು ಮುಟ್ಟಿಲ್ಲ ಅಂತ ದೇವರ ಪಟದ ಮುಂದೆ ಹೇಳಿದೀನಿ.”

“ಮುಟ್ಟಿರಲಿ ದೇವರೇ ಅಂತ ಬೇಡ್ಕೊಂಡು ಬಂದಿದೀನಿ.”

ನಡೆದದ್ದೆಲ್ಲ ಹೇಳಿದ. ಗಿನ್ಕಾ ತಲೆವಸ್ತ್ರ ಜಾರುವಷ್ಟು ನಕ್ಕಳು.

“ಒಲೆಗೆ ಹಾಕಿದ್ಯಾ? ಭಲೆ ಎಂಜಿನಿಯರ್ರೇ!”

“ಮೆಕ್ಯಾನಿಕ್ಕು” ಎಂದ ನೈದೆನ್. ಊರಿಗೆ ಬಂದ ಮೂರು ವರ್ಷದಿಂದ ಎಲ್ಲರೂ ಎಂಜಿನಿಯರ್ ಎನ್ನುತ್ತಿದ್ದರು, ಅವನು ಆ ಹೆಸರನ್ನು ತಿದ್ದಿದ್ದು ಅದೇ ಮೊದಲು.

ಗಿನ್ಕಾ ನಗು ನಿಲ್ಲಿಸಿ ಯೋಚಿಸಿದಳು. “ಕೊಟ್ರೆ ಕದ್ದಿದ್ದು ಒಪ್ಪಿಕೊಂಡ ಹಾಗಾಗುತ್ತೆ. ನಾನು ಕೊಡಲ್ಲ. ಈಗ ಕೋಳಿಗೆ ಕಾಳು ಹಾಕೋಕೆ ಹಿತ್ತಲಿಗೆ ಹೋಗ್ತೀನಿ. ಅಡುಗೆಮನೇಲಿ, ಸಕ್ಕರೆ ಡಬ್ಬಿ ಹಿಂದೆ ಏನಿದೆ ಅಂತ ನಂಗೊತ್ತಿಲ್ಲ ನೈದೆನಣ್ಣ. ಅಷ್ಟೂ ಎತ್ಕೊಂಡು ಹೋಗ್ಬೇಡ ಮತ್ತೆ.”

ಅರವತ್ನಾಲ್ಕರ ವಯಸ್ಸಿನಲ್ಲಿ ನೈದೆನ್ ಮೊದಲ ಬಾರಿಗೆ ಕಳ್ಳತನ ಮಾಡಿದ. ಅಲ್ಲಿ ಸಿಕ್ಕ, ಬೀಜ ಅಂಟಿದ್ದ ನೀಲಿ ಹೂವಿನ ಕಾಗದದಲ್ಲಿ ಅರ್ಧ ಹರಿದು ಜೇಬಿಗಿಟ್ಟುಕೊಂಡು ಬಂದ. ಮರುದಿನ ಸ್ತಮೇನಾ ಕಾಗದ ನೋಡಿದಳು, ಗಂಡನ ಮುಖ ನೋಡಿದಳು, ಬೀಜ ಬಿತ್ತಿದಳು.

ಮೊಳಕೆ ಬಂತು. ಆದರೆ ಟೊಮೆಟೊ ಸಸಿಯ ಮೋರೆ ನೋಡಿ ಕುಲ ಹೇಳುವುದು ಹೇಗೆ? ಗಿನ್ಕಾ ಅಂದು ಯಾವ ಬಳ್ಳಿಗೆ ಕೈ ಹಾಕಿದ್ದಳೋ, ಬೇರೆ ಯಾವ ಹಣ್ಣಿನ ಬೀಜ ಬೆರೆತಿತ್ತೋ! ನೈದೆನ್ ದಿನಕ್ಕೆ ಮೂರು ಸಲ ಕಾಯಿಗಳನ್ನು ಮುಟ್ಟಿ ನೋಡುತ್ತಿದ್ದ. ಹದಿನೈದನೆಯ ಮಾದರಿ ಹುಟ್ಟಲೇ ಇಲ್ಲ.

ಜುಲೈ ಕೊನೆಗೆ ಮೊದಲ ಹಣ್ಣಾಯಿತು. ಸ್ತಮೇನಾ ಹೋಳು ಮಾಡಿ, ಉಪ್ಪು ಉದುರಿಸಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು. ಎಷ್ಟು ಹೊತ್ತು ಅಗಿಯುತ್ತಾಳಪ್ಪಾ!

“ಅಮ್ಮಂದೇ” ಎಂದಳು.

ನೈದೆನ್ ಹಾಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. “ಸ್ತಮೇನಾ, ನಿಂಗೊಂದು ಮಾತು ಹೇಳ್ಬೇಕು...”

“ಬೀಜ ಗಿನ್ಕಾ ಮನೇದು ಅಂತ ತಾನೇ? ನೀಲಿ ಹೂವಿನ ಕಾಗದ ನಮ್ಮನೇಲಿ ಯಾವತ್ತಿತ್ತು?”

“ಮಾರ್ಚಿಂದ ಗೊತ್ತಿತ್ತಾ? ನಾಲ್ಕು ತಿಂಗಳು ಒದ್ದಾಡ್ತಿದ್ನಲ್ಲ ನಾನು!”

“ನಾಲ್ಕು ತಿಂಗಳು ನಾನು ಕೇಳದೇನೇ ನೀನು ಪಾತ್ರೆ ತೊಳೆದೆ. ಬಾಯಿ ಬಿಟ್ಟು ಅದನ್ನ ಯಾಕೆ ಕಳ್ಕೊಳ್ಳಲಿ?” ಆಮೇಲೆ ದನಿ ತಗ್ಗಿಸಿ, “ನಂಗೂ ಎದೆ ಹೊಡ್ಕೋತಿತ್ತು ಮಾರಾಯ, ಆ ಕಳ್ಳಿ ಸರಿಯಾದ ಹಣ್ಣು ಕದ್ದಿದಾಳೋ ಇಲ್ವೋ ಅಂತ” ಎಂದಳು.

ಎರಡು ಹಣ್ಣು ಕಿತ್ತುಕೊಂಡು ಬೇಲಿಯ ಕಡೆ ನಡೆದು, “ಏ ಗಿನ್ಕಾ, ಹೊರಗೆ ಬಾರೇ” ಎಂದು ಕೂಗಿದಳು. ಹತ್ತು ತಿಂಗಳ ಮಾತು ಬಾಕಿಯಿತ್ತು. ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ. ನೈದೆನ್ ಉಳಿದ ಹೋಳುಗಳನ್ನೆಲ್ಲ ತಿಂದ, ಮೊಣಕೈಗೆ ಇಳಿದ ರಸ ಅಂಗಿಗೆ ಒರೆಸಿಕೊಂಡ. ದ್ರಾಕ್ಷಿ ಚಪ್ಪರದ ನೆರಳಿನಲ್ಲಿ ಕಾಲು ಚಾಚಿ, ತಟ್ಟೆ ತೊಳೆಯುವ ಗೋಜಿಗೆ ಹೋಗದೆ, ಕಣ್ತುಂಬ ನಿದ್ದೆ ಹೊಡೆದ.