ಮೇಷ್ಟ್ರು ಕಲಿಸಿದ ಧ್ಯಾನ

ಚನ್ನರಾಯಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು ಹತ್ತು ದಿನದ ಬೌದ್ಧ ಧ್ಯಾನ ಶಿಬಿರಕ್ಕೆ ಹೋಗಿ ಬಂದು ಬೀದಿಗೆಲ್ಲ ಗುರುಗಳಾದರು. ಅಲ್ಲಿ ಹತ್ತು ದಿನ ಮೌನವಾಗಿದ್ದುದನ್ನು ಇಲ್ಲಿ ವರ್ಷವಿಡೀ ಮಾತಾಡಿ ತೀರಿಸಿಕೊಂಡರು. ಮಂಡಿನೋವೆಂದರೂ, ಮಗಳ ಮದುವೆ ಮುರಿಯಿತೆಂದರೂ ಅರ್ಧ ಕಣ್ಣು ಮುಚ್ಚಿ ಒಂದೇ ಮಾತು: "ಸುಮ್ನೆ ಗಮನಿಸಿ. ಬಂದದ್ದು ಹೋಗುತ್ತೆ."

ಒಂದು ಬೆಳಿಗ್ಗೆ ಅವರ ಹೆಂಡತಿ ಹೊಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ಕುಸಿದಿದ್ದರು. ಮೇಷ್ಟ್ರು ಎದುರಿಗೆ ಪದ್ಮಾಸನ ಹಾಕಿ ಅದನ್ನೇ ಹೇಳುತ್ತಿದ್ದರು.

"ಗಮನಿಸ್ದೆ ಕಣ್ರೀ," ಎಂದರು ಆಕೆ ಹಲ್ಲು ಕಚ್ಚಿ. "ನೆನ್ನೆ ಹೊಕ್ಕಳತ್ರ ಇತ್ತು. ಈಗ ಬಲಗಡೆ ಕೆಳಕ್ಕೆ ಬಂದೈತೆ. ಇದು ಓಗಾಕಿಲ್ಲ. ಆಟೋ ಕರೀರಿ."

ಮೇಷ್ಟ್ರು ಪೂರ್ತಿ ಕಣ್ಣು ಮುಚ್ಚಿದರು. ಆಟೋ ನಾನು ಕರೆದೆ.

ಆಕೆ ಡಾಕ್ಟರಿಗೂ ಹಾಗೇ ಹೇಳಿದರು. "ಇಷ್ಟು ಸರಿಯಾಗಿ ಹೇಳೋರು ಕಮ್ಮಿ ಅಮ್ಮ. ಅಪೆಂಡಿಕ್ಸು," ಎಂದು ಡಾಕ್ಟರು ಮಧ್ಯಾಹ್ನವೇ ಆಪರೇಷನ್ ಮಾಡಿದರು. ಇನ್ನಷ್ಟು ತಡವಾಗಿದ್ದರೆ ಒಳಗೇ ಒಡೆಯುತ್ತಿತ್ತಂತೆ.

ಆಕೆ ಮನೆಗೆ ಬಂದ ವಾರಕ್ಕೇ ಮಹಡಿಯ ಮೇಲೆ ಮೇಷ್ಟ್ರ ಧ್ಯಾನದ ತರಗತಿ. "ನಮ್ಮನೆಯವರು ನೋವನ್ನ ಹೆಂಗೆ ಗೆದ್ರು ಗೊತ್ತಾ? ಎಲ್ಲಾ ನಾನು ಕಲಿಸಿದ್ದು," ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಚಾಪೆ ಸುತ್ತಿಕೊಂಡು ಕೆಳಗಿಳಿದು ಬಂದರೆ, ಆಕೆ ಒಂದು ಕೈಯಲ್ಲಿ ಹೊಲಿಗೆ ಹಾಕಿದ ಹೊಟ್ಟೆ ಒತ್ತಿಕೊಂಡು, ಅಷ್ಟೂ ಜನಕ್ಕೆ ಉಪ್ಪಿಟ್ಟು ಕೆದಕುತ್ತಿದ್ದರು.